ಹದಿನಾರರಿಂದ ನಲವತ್ತೆಂಟು

ಕುಶಾಲನಗರದ ಕ್ಯೂರಿಂಗ್ ಶೆಡ್ಡಿಗೆ ನಾನು ಹೋಗುವುದು
ಮೂರು ತಿಂಗಳಿಗೊಮ್ಮೆ. ಲ್ಯಾಪ್‌ಟಾಪು, ಸ್ಕ್ರೂಡ್ರೈವರು,
ಗಾಜು ಒರೆಸಲು ಹಳೇ ಬನಿಯನ್ನಿನ ಚೂರು.

ಮೇಲಿಂದ ಕಾಫಿಬೀಜ ಸುರಿಯುತ್ತದೆ, ಕ್ಯಾಮೆರಾ ನೋಡುತ್ತದೆ,
ಕರಿಬೀಜ ಕಂಡರೆ ಗಾಳಿಯ ಒಂದು ಉಗುಳು,
ಟಪ್, ಆಚೆ.
ಅನುಮಾನ ಬಂದದ್ದನ್ನು ಮಾತ್ರ
ಪರದೆ ಹಿಗ್ಗಿಸಿ ಬರೆದು, ಬೆಳಕು ನೆರಳು ಕೊಟ್ಟು, ತಿರುಗಿಸಿ ತಿರುಗಿಸಿ ತೋರಿಸಿ
ಪೂವಕ್ಕನನ್ನು ಕೇಳುತ್ತದೆ:
ಇದು? ಇದು ಹೇಗೆ?

ಇಪ್ಪತ್ತಾರು ವರ್ಷ ಮೊರದಲ್ಲಿ ಆರಿಸಿದವಳು ಪೂವಕ್ಕ.
ಮೊರ ಈಗ ಮೂಲೆಯಲ್ಲಿ, ಅದರಲ್ಲಿ ಯಾರದೋ ಟಿಫಿನ್ ಡಬ್ಬಿ.

ಹೊಂದಿಕೊಳ್ಳುವ ಪರದೆ, ಎನ್ನುತ್ತದೆ ನಮ್ಮ ಕೈಪಿಡಿ.
ಬೆರಳು ಎಲ್ಲಿ ತಡವರಿಸಿತು, ಎಲ್ಲಿ ಎರಡು ಸಲ ಒತ್ತಿತು,
ಮುಖ ಗಾಜಿಗೆ ಎಷ್ಟು ಹತ್ತಿರ ಬಂತು
ಎಲ್ಲ ಗುರುತಿಟ್ಟುಕೊಂಡು ತನ್ನನ್ನೇ ತಿದ್ದಿಕೊಳ್ಳುತ್ತದೆ.
ಏನೂ ಹೇಳುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ,
ಜಾಹೀರಾತಿನಲ್ಲಿ.

ಏಪ್ರಿಲ್‌ನಲ್ಲಿ ಅದರ ದಿನಚರಿ ತೆರೆದೆ.

ಹುತ್ತರಿ ಕಳೆದ ವಾರ: ಅಕ್ಷರ ಹದಿನಾರು.
ಜನವರಿ ಹತ್ತು: ಇಪ್ಪತ್ತು. ಕಾರಣ, ಬೆರಳು ತಡವಾಯಿತು.
ಜನವರಿ ಕೊನೆ: ಇಪ್ಪತ್ತೆಂಟು. ಕಾರಣ, ಅದೇ.
ಫೆಬ್ರವರಿ: ಕಂದು, ಕಪ್ಪು ಬೇರ್ಪಡುತ್ತಿಲ್ಲ;
ಕಂದುಬಣ್ಣವನ್ನು ಹಳದಿ ಮಾಡಲಾಗಿದೆ.
ಮಾರ್ಚ್, ತೋಟಗಳಿಗೆ ಹೂಮಳೆ ಬಿದ್ದ ಮರುದಿನ
(ಇದನ್ನು ಸೇರಿಸಿದ್ದು ನಾನು, ಯಂತ್ರಕ್ಕೆ ಮಳೆ ಗೊತ್ತಿಲ್ಲ):
ಬೀಜದ ಸುತ್ತ ದಪ್ಪ ಗೆರೆ.
ಕಾಫಿಬೀಜಕ್ಕೆ ಕಾಡಿಗೆ ತೀಡಿದೆ, ಮಗುವಿಗೆ ತೀಡಿದಂತೆ.
ಏಪ್ರಿಲ್: ನಲವತ್ತೆಂಟು.
ಪರದೆ ತುಂಬ ಒಂದೇ ಬೀಜ, ಹಲಸಿನಷ್ಟು.

ರಾತ್ರಿ ಪಾಳಿಯ ಅನ್ಸಾರ್ ಬಂದು ಮುಟ್ಟಿದರೆ
ಎಲ್ಲ ಸರಸರ ಕುಗ್ಗಿ ಮತ್ತೆ ಹದಿನಾರು.

"ಅಕ್ಕ, ಕಣ್ಣು ತೋರಿಸಿದ್ದೀರಾ?"
"ಕಣ್ಣಿಗೆ ಎಂತ ಆಗಿದೆ? ಎಲ್ಲ ಚೆನ್ನಾಗಿ ಕಾಣ್ತದಲ್ಲ."
ಚೆನ್ನಾಗಿಯೇ ಕಾಣುತ್ತಿತ್ತು. ಅದೇ ತೊಂದರೆ.
ದಿನಕ್ಕೊಂದು ಕೂದಲೆಳೆಯಷ್ಟು ಮಂಜು ಕಟ್ಟಿತ್ತು ಕಣ್ಣಲ್ಲಿ,
ದಿನಕ್ಕೊಂದು ಕೂದಲೆಳೆಯಷ್ಟು ಪರದೆ ಹಿಂದೆ ಸರಿದು
ಜಾಗ ಬಿಟ್ಟುಕೊಟ್ಟಿತ್ತು,
ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟು
ನಾನು ಹೇಗೂ ಇಳಿಯುವವನಿದ್ದೆ ಎಂದು ಸುಳ್ಳಾಡುವ ಹುಡುಗನ ಹಾಗೆ.

ದಿನಚರಿ ಓದಿ ಹೇಳಿದೆ. ಅವಳು ಸೆರಗಿನಿಂದ ಗಾಜು ಒರೆಸಿದಳು,
ಕೊಳೆ ಗಾಜಿನದೇ ಎಂಬಂತೆ.
ಆಮೇಲೆ, "ಮೊದಲಿನ ಹಾಗೆ ಮಾಡು, ನೋಡುವಾ."

ಮಾಡಿದೆ. ಹದಿನಾರು. ಹಳದಿ ಹೋಯಿತು, ಕಾಡಿಗೆ ಅಳಿಯಿತು.
ಅವಳು ನೋಡಿದಳು. ಕತ್ತು ಓರೆ ಮಾಡಿ ನೋಡಿದಳು.
ಬಲಗಣ್ಣು ಮುಚ್ಚಿ, ಎಡಗಣ್ಣು ಮುಚ್ಚಿ.
ಹಿಂದೆ ಗೋಣಿ ಹೊರುವವರು ಯಾರನ್ನೋ ಬೈಯುತ್ತಿದ್ದರು.

"ಓ," ಎಂದಳು, "ಇಷ್ಟಾ."

ತುಸು ಹೊತ್ತು ಬಿಟ್ಟು:
"ದೊಡ್ಡದು ಮಾಡು ಮಾರಾಯ, ಸುಂಟಿಕೊಪ್ಪದ ಲೋಡು ನಿಂತಿದೆ.
ಗುರುವಾರ ಮಡಿಕೇರಿ ಆಸ್ಪತ್ರೆಗೆ ಹೋಗ್ತೇನೆ."
ಮತ್ತೆ, ಬೆರಳು ಗಾಜಿನ ಮೇಲಿಟ್ಟೇ, ತಿರುಗದೆ:
"ಇದಕ್ಕೆ ಗೊತ್ತಿತ್ತು ಅಲ್ವಾ, ಜನವರಿಯಿಂದ?
ಪಕ್ಕದ ಮನೆಯವಳಾದ್ರೆ ಬಾಯಿಬಿಡ್ತಿದ್ದಳು."

ನನ್ನಲ್ಲಿ ಉತ್ತರ ಇರಲಿಲ್ಲ.
"ಮ್ಯಾನೇಜರ್ ಬೆಳ್ಯಪ್ಪನದ್ದೂ ಬೆಳೆದಿದೆಯಾ, ಅಕ್ಷರ?"
ಅದನ್ನು ಹೇಳುವ ಹಾಗಿಲ್ಲ ಎಂದೆ.
ಹೇಳಿದಷ್ಟೇ ಆಯಿತು. ಅವಳು ನಕ್ಕಳು,
ಅಷ್ಟು ಹೊತ್ತಿನಲ್ಲಿ ಮೊದಲ ಸಲ.

ಸರ್ವಿಸ್ ಫಾರಂನಲ್ಲಿ ದೋಷ ಎಂಬ ಕಾಲಂ ಇದೆ.
ಇಲ್ಲ ಎಂದು ಬರೆದೆ.
ಸಲಹೆ ಎಂಬಲ್ಲಿ ಬರೆದೆ:
ಮೂರು ಹೆಜ್ಜೆ ದಾಟಿದ ಮೇಲೆ ಒಂದು ಸಾಲು ಹೇಳಬೇಕು,
ನಿಮಗಾಗಿ ನಾನು ಬದಲಾಗಿದ್ದೇನೆ ಎಂದು.

ಜೂನ್‌ನಲ್ಲಿ ಕಂಪನಿಯ ಉತ್ತರ ಬಂತು:
ಸಲಹೆಗೆ ವಂದನೆಗಳು. ಪರದೆಯಲ್ಲಿ ಜಾಗವಿಲ್ಲ.